ಕಲ್ಲು ಹೊರುವವರು ಯಾರು

ಸುದ್ದಿ ನನಗೆ ಮುಟ್ಟಿದ್ದು ಶಹಾಬಾದಿನ ಕಲ್ಲಿನ ಖಣಿಯಲ್ಲಿ, ಮಧ್ಯಾಹ್ನದ ರೊಟ್ಟಿಗಂಟು ಬಿಚ್ಚುವ ಹೊತ್ತಿಗೆ. ತಂದವನು ನನ್ನ ಸೋದರಮಾವ. ವಾಡಿ ಸ್ಟೇಷನ್ನಿನಲ್ಲಿ ಹಮಾಲಿ ಮಾಡುತ್ತಿದ್ದ. ಖಣಿಯ ದಂಡೆಯ ಮೇಲೆ ನಿಂತು, ಕೆಳಗಿದ್ದ ಅಷ್ಟೂ ಮಂದಿಗೆ ಕೇಳುವ ಹಾಗೆ ಕೂಗಿದ.

"ಏ ಅಳಿಯಾ! ನಿಮ್ಮಪ್ಪ ತಹಸೀಲ್ದಾರ್ ಸಾಹೇಬನ ತೆಲಿ ಮ್ಯಾಲ ಕಲ್ಲು ಹಾಕ್ಯಾನಂತ! ಜಲ್ದಿ ಬಾ!"

ಖಣಿಯಲ್ಲಿ ಸುತ್ತಿಗೆಗಳೆಲ್ಲ ಒಮ್ಮೆಲೇ ನಿಂತವು. ನನ್ನ ಜೊತೆ ಕಲ್ಲು ಒಡೆಯುತ್ತಿದ್ದವನು ರೊಟ್ಟಿ ಬಾಯಲ್ಲಿಟ್ಟುಕೊಂಡೇ ಕೇಳಿದ: "ಎಷ್ಟು ದಪ್ಪಂದು?"

ನಾನು ರೊಟ್ಟಿ ಬಿಟ್ಟು ಓಡಿದೆ. ನಮ್ಮಪ್ಪ ಇರುವೆಯನ್ನೂ ಸರಿಸಿ ಕಾಲಿಡುವ ಮನುಷ್ಯ. ಅಂಥವನು ಸರ್ಕಾರದ ತಲೆ ಒಡೆಯುತ್ತಾನೆಂದರೆ ನಂಬುವುದು ಹೇಗೆ? ರೈಲಿನಲ್ಲಿ ಮಾವನನ್ನು ಮತ್ತೆ ಕೇಳಿದೆ. "ಹಾಕ್ಯಾನ ಅಂತ ಅಲ್ಲ, ಹಾಕ್ತೀನಿ ಅಂದಾನಂತ," ಎಂದ. ವಾಡಿಯಲ್ಲಿ ಇಳಿದು ನಡೆಯಲಿಕ್ಕೆ ಶುರು ಮಾಡಿದ ಮೇಲೆ, "ತಾ ಹಾಕಲ್ಲ, ನೀವೇ ಹೊತ್ಕೊಳ್ರಿ ಅಂದಾನಂತ," ಎಂದ. ಊರು ಹತ್ತಿರ ಬಂದ ಹಾಗೆಲ್ಲ ಕಲ್ಲು ಹಗುರಾಗುತ್ತ ಬಂತು.

ನಮ್ಮಪ್ಪ ಊರ ಗೌಡರ ಮನೆಯಲ್ಲಿ ಜೀತಕ್ಕಿದ್ದ. ನಮ್ಮಜ್ಜ ಒಂದು ಬರಗಾಲದಲ್ಲಿ ಅವರಿಂದ ಎರಡು ಚೀಲ ಜೋಳ ತಂದಿದ್ದನಂತೆ. ಅದು ತೀರುವತನಕ ದುಡಿಯುತ್ತೇನೆಂದು ಮಾತು ಕೊಟ್ಟು ದುಡಿಯುತ್ತಲೇ ತೀರಿಕೊಂಡ. ಅವನು ಬಿಟ್ಟ ಮೇವಿನ ಬುಟ್ಟಿಯನ್ನು ಅಪ್ಪ ಎತ್ತಿಕೊಂಡ. ಎಂಥ ಜೋಳವೋ ದೇವರೇ ಬಲ್ಲ, ನಲವತ್ತು ವರ್ಷ ದುಡಿದರೂ ಅದರಲ್ಲಿ ಒಂದು ಕಾಳು ಕಡಿಮೆಯಾಗಲಿಲ್ಲ. ಅಪ್ಪ ಮಲಗುತ್ತಿದ್ದದ್ದು ಗೌಡರ ದನದ ಕೊಟ್ಟಿಗೆಯಲ್ಲಿ. ಅವ್ವ ಸತ್ತ ಮೇಲಂತೂ ಊಟ ನಿದ್ದೆ ಎಲ್ಲ ಅಲ್ಲೇ. ಮೂರನೆಯವನು ನಾನಾಗಬೇಕಿತ್ತು. ನಾಲ್ಕನೇ ಇಯತ್ತೆ ಮುಗಿದ ದಿನ ಗೌಡರು ಅಪ್ಪನಿಗೆ, "ನಾಳಿಂದ ಇವನ್ನ ದನಕ್ಕ ಕಳಸು," ಅಂದರು. ಅವತ್ತೇ ನಾನು ವಾಡಿಗೆ ನಡೆದು, ಕಲ್ಲಿದ್ದಲಿನ ಗಾಡಿ ಹತ್ತಿ ಶಹಾಬಾದಿಗೆ ಬಂದೆ. ಸಾಲಿ ಬಿಟ್ಟದ್ದು ದಡ್ಡತನದಿಂದಲ್ಲ ಎಂದು ಇಲ್ಲಿ ಬರೆದಿಡುತ್ತೇನೆ. ನಾಲ್ಕನೇ ಇಯತ್ತೆಯಲ್ಲಿ ನಾನು ಎರಡನೇ ನಂಬರು. ಹಾಸುಗಲ್ಲು ಕಡಿಯುವುದರಲ್ಲಿ ಒಂದನೇ ನಂಬರು. ಇವತ್ತಿಗೂ ಶಹಾಬಾದಿನ ಎಷ್ಟೋ ಮನೆಗಳ ಪಡಸಾಲೆಯಲ್ಲಿ ನಾನು ಕಡಿದ ಕಲ್ಲಿನ ಮೇಲೆ ಮಂದಿ ಕಾಲು ಚಾಚಿ ಮಲಗುತ್ತಾರೆ.

ಮನೆ ಮಾಡಿದ ಮೇಲೆ ಅಪ್ಪನನ್ನು ಎಷ್ಟು ಸಲ ಕರೆದೆನೋ. "ಅಜ್ಜ ಮಾತು ಕೊಟ್ಟಾನ," ಅನ್ನುವುದು ಬಿಟ್ಟು ಅವನ ಬಾಯಿಂದ ಬೇರೆ ಉತ್ತರ ಬರಲಿಲ್ಲ. ಇಷ್ಟರಲ್ಲಿ ಜೀತ ಬಿಡಿಸುವ ಕಾನೂನು ಬಂತು. ಎಮರ್ಜೆನ್ಸಿ ದಿನಗಳು. ಜೀಪುಗಳು ಊರೂರು ತಿರುಗುತ್ತಿದ್ದವು. ನಾನು ಹೆಂಡತಿಗೆ ಹೇಳಿ ಅಪ್ಪನಿಗೆ ಮಲಗಲು ಒಂದು ಹಗ್ಗದ ಹೊರಸು ಹೆಣೆಸಿ, ಬಾಗಿಲ ಪಕ್ಕದಲ್ಲಿ ಹಾಕಿಸಿ ಕಾಯುತ್ತಿದ್ದೆ. ಇನ್ನು ಸರ್ಕಾರವೇ ಬಿಡಿಸುತ್ತದೆ, ಅಜ್ಜನ ಮಾತು ಸರ್ಕಾರದ ಮುಂದೆ ನಡೆಯುವುದಿಲ್ಲ ಅಂತ.

ಊರು ಮುಟ್ಟಿದ ಮೇಲೆ ನಡೆದದ್ದು ತಿಳಿಯಿತು. ಹೇಳಿದವರು ಊರ ಕಂದಾಯದ ಲೆಕ್ಕ ಬರೆಯುವ ತಲಾಟಿ. ಅವರು ಕಾಗದಪತ್ರ ಹಿಡಿದು ಎದುರಿಗೇ ನಿಂತಿದ್ದವರು.

ತಹಸೀಲ್ದಾರರು ಮೈಸೂರು ಕಡೆಯವರು, ಹೊಸ ಹುಡುಗ, ಮೆತ್ತಗಿನ ಮಾತು. ಅವರು ಜೀಪಿನಿಂದಿಳಿದು ಕೊಟ್ಟಿಗೆಗೇ ಬಂದರಂತೆ. ಅಪ್ಪ ಎಮ್ಮೆ ಹಿಂಡುತ್ತಿದ್ದ.

"ಯಜಮಾನರೇ, ಇವತ್ತಿನಿಂದ ನೀವು ಸ್ವತಂತ್ರರು," ಎಂದರು ತಹಸೀಲ್ದಾರರು.

"ಎಮ್ಮಿ ಹಾಲಿನ ಸೊರ ಬಿಟ್ಟದರಿ, ಸ್ವಲ್ಪ ತಡೀರಿ," ಎಂದನಂತೆ ಅಪ್ಪ. ಪೂರ್ತಿ ಹಿಂಡಿ, ಚರಿಗೆ ಒಳಗೆ ಕೊಟ್ಟು, ಕೈ ತೊಳೆದು ಬಂದ. "ಈಗ ಹೇಳ್ರಿ. ಇವತ್ತಿನಿಂದ ಅಂದ್ರಿ. ನಿನ್ನೀತನಕ ಏನಿದ್ನಿರಿ?"

"ಜೀತದಾಳು."

"ಅದು ತಪ್ಪೇನ್ರಿ?"

"ತಪ್ಪೇ. ಕಾನೂನಿನ ಪ್ರಕಾರ ಅಪರಾಧ."

"ನಂದೇನ್ರಿ ತಪ್ಪು?"

"ಛೇ ಛೇ, ನಿಮ್ಮದು ಹೇಗಾಗುತ್ತೆ?"

"ಹಂಗಾರ ಯಾರದದ, ಅವರು ಕಲ್ಲು ಹೊರಲಿರಿ. ನಾ ಇಳಸು ಅಂತೀನಿ. ಆಮ್ಯಾಲ ಎಲ್ಲಿ ಅಂತೀರಿ ಅಲ್ಲಿ ಹೆಬ್ಬಟ್ಟ ಒತ್ತತೀನಿ."

ಇದು ನಮ್ಮೂರ ಪದ್ಧತಿ. ತಪ್ಪು ಮಾಡಿದವನು ಹನುಮಪ್ಪನ ಗುಡಿಯ ಕಟ್ಟೆಯ ಮುಂದೆ ತಲೆಯ ಮೇಲೆ ಕಲ್ಲು ಹೊತ್ತು ನಿಲ್ಲಬೇಕು. ಯಾರಿಗೆ ಅನ್ಯಾಯವಾಗಿದೆಯೋ ಅವರು "ಇಳಸು" ಅಂತ ಹುಕುಂ ಮಾಡುವತನಕ ಇಳಿಸುವ ಹಾಗಿಲ್ಲ. ಹುಕುಂ ಆಯಿತೋ, ಅಲ್ಲಿಗೆ ಮುಗಿಯಿತು. ಆಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ. ಪಕ್ಕದ ಓಣಿಯ ಒಬ್ಬಾಕೆ ಗಂಡನನ್ನು ಕಲ್ಲು ಹೊರಿಸಿ ನಿಲ್ಲಿಸಿ, ಮನೆಗೆ ಹೋಗಿ ರೊಟ್ಟಿ ಬಡಿದು, ಉಂಡು, ಭಾಂಡೆ ತಿಕ್ಕಿ ಬಂದು "ಇಳಸು" ಅಂದದ್ದನ್ನು ನಾನೇ ನೋಡಿದ್ದೇನೆ. ಅಪ್ಪನೂ ಮೂರು ಸಲ ಹೊತ್ತಿದ್ದ. ಮೂರು ಸಲವೂ ಗೌಡರ ಎತ್ತು ಯಾರದೋ ಹೊಲ ಮೇಯ್ದದ್ದಕ್ಕೆ.

ತಹಸೀಲ್ದಾರರಿಗೆ ಇದು ಅರ್ಥವಾಗಲು ಅರ್ಧ ತಾಸು ಹಿಡಿಯಿತಂತೆ. ಅರ್ಥವಾದ ಮೇಲೆ ತಲಾಟಿಯ ಕಡೆ ತಿರುಗಿ, "ಇದಕ್ಕೆ ನಮ್ಮಲ್ಲಿ ಫಾರಂ ಇದೆಯಾ?" ಎಂದು ಕೇಳಿದರು. ತಲಾಟಿ ಚೀಲವನ್ನೆಲ್ಲ ತಡಕಾಡಿದರು. ಬಿಡುಗಡೆಗೆ ಫಾರಂ ಇತ್ತು, ಬಿಡುಗಡೆಯಾದವನಿಗೆ ಸರ್ಕಾರದ ಎಮ್ಮೆ ಕೊಡಲು ಫಾರಂ ಇತ್ತು, ಎಮ್ಮೆ ಸತ್ತರೆ ತಿಳಿಸಲು ಕೂಡ ಒಂದು ಫಾರಂ ಇತ್ತು. ಕಲ್ಲು ಹೊರಲು ಇರಲಿಲ್ಲ.

ಹದಿನೈದು ದಿನಕ್ಕೆ ಜಿಲ್ಲೆಯ ದೊಡ್ಡ ಸಾಹೇಬರು ಊರಿಗೆ ಬರುವವರಿದ್ದರು. ಅವತ್ತು ಅಪ್ಪ ಹೆಬ್ಬೆಟ್ಟು ಒತ್ತದಿದ್ದರೆ "ಈ ಊರಲ್ಲಿ ಜೀತದಾಳು ಯಾರೂ ಇಲ್ಲ" ಎಂದು ಬರೆದು ಕಡತ ಮುಚ್ಚುತ್ತಾರೆ ಎಂದರು ತಲಾಟಿ. ಅಂದರೆ ಅಪ್ಪ ಕೊಟ್ಟಿಗೆಯಲ್ಲೇ ಉಳಿಯುತ್ತಾನೆ, ಕಾಗದದ ಮೇಲೆ ಮಾತ್ರ ಇರುವುದಿಲ್ಲ. ನನ್ನ ಹೊರಸು ಖಾಲಿ.

ನಾನು ಸಿಟ್ಟಿನಿಂದ ಕೊಟ್ಟಿಗೆಗೆ ನುಗ್ಗಿದೆ. ಅಪ್ಪ ಸಗಣಿ ಬಳಿಯುತ್ತಿದ್ದ.

"ಯಪ್ಪಾ, ತೆಲಿ ಕೆಟ್ಟದೇನು? ಬಿಡಿಸಾಕ ಬಂದವರಿಗಿ ಕಲ್ಲು ಹೊರು ಅಂತಾರೇನು?"

"ಆಡು ಕದ್ದವನು ಹೊರ್ತಾನಿಲ್ಲೋ?"

"ಹೊರ್ತಾನ."

"ಕೋಳಿ ಕದ್ದವನು?"

"ಅವನೂ ಹೊರ್ತಾನ."

"ನಾ ಕೋಳಿಕಿಂತಾ ಕಡಿಮಿ ಏನೋ?" ಎಂದು ಕೇಳಿ, ಮತ್ತೆ ಬಗ್ಗಿ ಬಳಿಯತೊಡಗಿದ.

ಖಣಿಯಲ್ಲಿ ಮೇಸ್ತ್ರಿಯ ಜೊತೆ ಜಗಳವಾಡಿ ಗೆದ್ದವನು ನಾನು. ಅವತ್ತು ಸಗಣಿ ಬುಟ್ಟಿ ಎತ್ತಿ ತಿಪ್ಪೆಗೆ ಸುರಿದು ಬಂದೆ. ಅಷ್ಟರಲ್ಲಿ ನನ್ನ ಸಿಟ್ಟು ಅಪ್ಪನ ಕಡೆಯಿಂದ ಗೌಡರ ಪಡಸಾಲೆಯ ಕಡೆ ತಿರುಗಿತು.

ಸಂಜೆ ಕಟ್ಟೆಯ ಮೇಲೆ ಊರ ಹಿರಿಯರು ಕೂತರು. ಗೌಡರು ಬಂದರು. ಕೆಟ್ಟ ಮನುಷ್ಯರಲ್ಲ. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಎಲ್ಲರೂ ಸಮಾನರು ಎಂಬ ಅರ್ಥದ ಮಾತುಗಳನ್ನು ರಾಗವಾಗಿ ಹಾಡುತ್ತಿದ್ದರು. ಆ ಹೊತ್ತಿಗೆ ಅಪ್ಪ ಅಂಗಳ ಗುಡಿಸುತ್ತಿದ್ದ. ಹಾಡು ನಿಂತರೆ, "ಏ, ಆ ಮೂಲಿ ಬಿಟ್ಟೀದಿ ನೋಡು," ಅಂತ ಕೇಳಿಸುತ್ತಿತ್ತು.

"ಇದು ನಾ ಚಾಲೂ ಮಾಡಿದ್ದಲ್ಲರೆಪಾ," ಎಂದರು ಗೌಡರು. "ನಮ್ಮಜ್ಜನ ಕಾಲದ್ದು. ಅವ ಮಾಡಿದ್ದಕ್ಕ ನಾ ಹ್ಯಾಂಗ ಹೊರ್ಲಿ?"

ಅಪ್ಪ ಕೆಳಗೆ ನೆಲದ ಮೇಲೆ ಕೂತಿದ್ದ. ಮಾತು ಗೌಡರ ಚಪ್ಪಲಿಗೆ ಹೇಳಿದ ಹಾಗಿತ್ತು. "ಹೌದ್ರಿ ಧಣಿ. ಅಜ್ಜಾರು ಮನಿ ಬಿಟ್ಟು ಹ್ವಾದ್ರು, ನೀವು ತೊಗೊಂಡ್ರಿ. ಹೊಲ ಬಿಟ್ಟು ಹ್ವಾದ್ರು, ತೊಗೊಂಡ್ರಿ. ಬಾವಿ ತೊಗೊಂಡ್ರಿ. ಅವರ ರುಮಾಲು ನಿಮ್ಮ ತೆಲಿ ಮ್ಯಾಲೇ ಅದ. ತಪ್ಪು ಒಂದ ಅವರ ಸಂಗಾಟ ಸುಡಗಾಡಿಗಿ ಹೋಯ್ತೇನ್ರಿ?"

ಗೌಡರ ಕೈ ತಾನಾಗಿ ರುಮಾಲಿಗೆ ಹೋಯಿತು. ಹಿರಿಯರೊಬ್ಬರು ಕೆಮ್ಮಿದರು.

ಗೌಡರು ಯೋಚಿಸಿ ಒಂದು ದಾರಿ ಹುಡುಕಿದರು. "ಆತು, ಹೊರಬೇಕು ಅಂದ್ರ ಹೊರಸ್ತೀನಿ. ನನ್ನ ಪರವಾಗಿ ನಮ್ಮ ಮನಿ ಆಳು ಹೊರಲಿ."

"ನಿಮ್ಮ ಮನಿ ಆಳು ಯಾರ್ರಿ?" ಎಂದು ಕೇಳಿದರು ತಲಾಟಿ.

ಗೌಡರು ಅಪ್ಪನ ಕಡೆ ಬೆರಳು ತೋರಿಸಿದರು. ಚೇಷ್ಟೆಗಲ್ಲ, ಖರೇನೇ ಹೇಳಿದ್ದು. ಕಟ್ಟೆಯ ಮೇಲಿನ ಮಂದಿ ನಕ್ಕ ಮೇಲೆ ಅವರಿಗೆ ತಿಳಿಯಿತು. ಗೌಡರೇ ಹೊರಬೇಕು ಎಂದು ಹಿರಿಯರು ತೀರ್ಮಾನ ಹೇಳಿದರು.

ಮರುದಿನ ತಹಸೀಲ್ದಾರರು ಮತ್ತೆ ಬಂದರು. ಅವರದು ಇನ್ನೊಂದು ವಾದ. "ಯಜಮಾನರೇ, ಇದು ನಿಜಾಮರ ಕಾಲದಿಂದ ಬಂದ ಪಿಡುಗು. ನಮ್ಮ ಸರ್ಕಾರದ ತಪ್ಪಲ್ಲ."

"ನಿಜಾಮ ಹೋಗಿ ಎಷ್ಟು ವರ್ಷ ಆತ್ರಿ?"

"ತುಂಬಾ ವರ್ಷ ಆಯ್ತು."

"ಅವ ಹೋಗುವಾಗ ಕಚೇರಿ ಕಿತ್ಕೊಂಡು ಒಯ್ದನೇನ್ರಿ?"

"ಇಲ್ಲ, ಕಚೇರಿ ಅದೇ ಕಟ್ಟಡದಲ್ಲೇ ಇದೆ."

"ಖುರ್ಚಿರಿ?"

ತಹಸೀಲ್ದಾರರು ತಲಾಟಿಯ ಕಡೆ ನೋಡಿದರು. ತಲಾಟಿ ಮೆಲ್ಲಗೆ, "ಖುರ್ಚಿನೂ ಅದೇ ಅದರಿ ಸಾಹೇಬ್ರ. ಒಂದು ಕಾಲು ಅಷ್ಟೇ ನಾವು ಹೊಸಾದು ಹಾಕ್ಸೀವಿ," ಎಂದರು.

"ಹಂಗಾರ ಆ ಒಂದು ಕಾಲು ಬಿಟ್ಟು, ಉಳದ ಮೂರು ಕಾಲಿಂದು ಹೊರ್ರಿ," ಎಂದ ಅಪ್ಪ.

ತಹಸೀಲ್ದಾರರು ಪಾಪ, ಪ್ರಾಮಾಣಿಕ ಮನುಷ್ಯರು. ಮೇಲಿನವರಿಗೆ ಬರೆದರು. ಒಂದು ವಾರಕ್ಕೆ ಉತ್ತರ ಬಂತು. ತಲಾಟಿ ಅದನ್ನು ಕಟ್ಟೆಯ ಮೇಲೆ ನಿಂತು ಓದಿದರು. ಸದರಿ ಕಲ್ಲು ಸರ್ಕಾರಿಯೋ ಖಾಸಗಿಯೋ, ತೂಕವೆಷ್ಟು, ಹೊತ್ತು ನಿಲ್ಲುವ ಅವಧಿ ಕಚೇರಿಯ ವೇಳೆಯೊಳಗೆ ಬರುತ್ತದೆಯೋ, ಮತ್ತು ಈ ಹಿಂದೆ ಯಾವುದಾದರೂ ಅಧಿಕಾರಿ ಕಲ್ಲು ಹೊತ್ತ ಉದಾಹರಣೆ ಉಂಟೋ, ಇಷ್ಟನ್ನು ತಿಳಿಸಿದಲ್ಲಿ ಮುಂದಿನ ವಿಚಾರ ಮಾಡಲಾಗುವುದು. ಹೊರಬೇಕೆಂದೂ ಇರಲಿಲ್ಲ, ಹೊರಬಾರದೆಂದೂ ಇರಲಿಲ್ಲ.

"ತೂಕ ಕೇಳ್ಯಾರ ಅಂದ್ರ ಅರ್ಧ ಒಪ್ಪಿದಂಗ," ಎಂದ ಅಪ್ಪ. ವ್ಯಾಪಾರ ಅವನಿಗೂ ಗೊತ್ತು.

ಕಲ್ಲು ಯಾವುದು ಎಂಬ ಪ್ರಶ್ನೆ ಎದ್ದಿತು. ಗುಡಿಯ ಹತ್ತಿರ ಇದ್ದ ಹಳೆಯ ಕಲ್ಲು ಆಡು ಕೋಳಿಗಳ ಲೆಕ್ಕದ್ದು. ಮೂರು ತಲೆಮಾರಿಗೆ ಅದು ಸಾಲದು ಎಂದರು ಹಿರಿಯರು. ಮೊದಲು ಅಪ್ಪ ಎರಡು ಚೀಲ ಜೋಳದ ತೂಕ ಅಂದ. ಅಷ್ಟನ್ನು ಹೊತ್ತರೆ ಗೌಡರು ಅಲ್ಲೇ ಅಜ್ಜನ ಹತ್ತಿರ ಹೋಗುತ್ತಿದ್ದರು. ಕೊನೆಗೆ ಅಪ್ಪನೇ ಇಳಿದು ಬಂದ. ದನದ ತೊಟ್ಟಿಗೆ ತಾನು ದಿನಾ ಹೊರುವ ಒಂದು ಕೊಡ ನೀರಿನ ತೂಕ ಸಾಕು ಎಂದ. ಒಂದೇ ಒಂದು ಕೊಡ. ಅದಕ್ಕೆ ಯಾರೂ ಇಲ್ಲ ಅನ್ನಲಾಗಲಿಲ್ಲ.

ಕಲ್ಲು ಕಡಿಯುವವನು ಬೇರೆ ಯಾರು? ನಾನು ಶಹಾಬಾದಿಗೆ ಹೋಗಿ ಒಳ್ಳೆಯ ಪದರು ಹುಡುಕಿದೆ. ನೀಲಿ ಬಣ್ಣದ್ದು, ಬಿರುಕಿಲ್ಲದ್ದು. ದಾರ ಹಿಡಿದು ನಾಲ್ಕು ಮೂಲೆ ಸರಿ ಮಾಡಿದೆ. ಅಂಚು ತಿಕ್ಕಿದೆ. ಮೇಲ್ಮೈ ತಿಕ್ಕಿ ತಿಕ್ಕಿ ಮುಖ ಕಾಣುವ ಹಾಗೆ ಮಾಡಿದೆ.

ಹೆಂಡತಿ ನೋಡಿ ನೋಡಿ ಕೇಳಿದಳು, "ಏನ್ರಿ, ತಪ್ಪು ಹೊರೋ ಕಲ್ಲಿಗಿ ಪಾಲೀಸ್ ಯಾಕ್ರಿ?"

"ನನ್ನ ಕೈಯಾಗಿಂದ ಹೋಗೋ ಕಲ್ಲದು. ಜಿಲ್ಲಾದ ಸಾಹೇಬ್ರು ನೋಡ್ತಾರ."

"ಗೌಡ್ರು ಹೊತ್ಕೊಂಡು ನಿಂತಾಗ ತೆಲಿ ಮ್ಯಾಲಿಂದ ಜಾರ್ತದ ನೋಡ್ರಿ."

ಆಕೆ ಹೇಳಿದ್ದು ಸರಿ. ಹಾಗಾಗಿ ಕೆಳಗಿನ ಮೈಯನ್ನು ಮತ್ತೆ ಉಳಿಯಿಂದ ಒರಟು ಮಾಡಿದೆ.

ವಾಡಿಯಿಂದ ಊರಿಗೆ ನಾನೇ ತಲೆಯ ಮೇಲೆ ಹೊತ್ತೆ. ಊರ ಹತ್ತಿರದ ಹೊಲಗಳಲ್ಲಿ ನಮ್ಮ ಪದ್ಧತಿ ಗೊತ್ತಿದ್ದ ಮಂದಿ ಕೆಲಸ ಬಿಟ್ಟು ಎದ್ದು ನಿಂತರು. "ಏನಪಾ ತಮ್ಮಾ, ನೀ ಏನು ಕದ್ದೀದಿ?" ಎಂದು ಒಬ್ಬ ಕೇಳಿದ. "ಹೇಣ್ತಿ ಹೊರಸ್ಯಾಳೇನು?" ಎಂದ ಇನ್ನೊಬ್ಬ. ಒಬ್ಬ ಮುದುಕಿಯಂತೂ ಕನಿಕರಪಟ್ಟು, "ಇಳಸೋ ನನ್ನಪ್ಪಾ, ನಾ ಹೇಳ್ತೀನಿ, ಇಳಸು," ಎಂದಳು. ಪ್ರತಿಯೊಬ್ಬರಿಗೂ ನಿಂತು ವಿವರ ಹೇಳಿ ಹೇಳಿ ಕುತ್ತಿಗೆ ಹೋಯಿತು. ಮಾಡದ ತಪ್ಪಿನ ಕಲ್ಲು ಎಷ್ಟು ಭಾರ ಎಂದು ಅವತ್ತು ಗೊತ್ತಾಯಿತು.

ತೂಕ ಮಾಡಿದ್ದು ಹತ್ತಿ ತೂಗುವ ದೊಡ್ಡ ತಕ್ಕಡಿಯಲ್ಲಿ. ಒಂದು ಕಡೆ ಅಪ್ಪನ ಕೊಡ, ಇನ್ನೊಂದು ಕಡೆ ನನ್ನ ಕಲ್ಲು. ಕಲ್ಲು ಒಂದಿಷ್ಟು ಹೆಚ್ಚು ತೂಗಿತು. ನಾನು ಉಳಿ ತೆಗೆಯುವಷ್ಟರಲ್ಲಿ ಗೌಡರ ಕರು ಬಂದು ಕೊಡದಲ್ಲಿ ಮೂತಿ ಇಟ್ಟು ನೀರು ಕುಡಿಯತೊಡಗಿತು. ತಕ್ಕಡಿ ಇನ್ನಷ್ಟು ವಾಲಿತು. ಗೌಡರ ಮನೆಯ ಕಾರಭಾರಿ, "ಈಗಿದ್ದ ತೂಕಾನೇ ಖಾಯಂ ಮಾಡ್ರಿ, ಕರು ಕುಡದದ್ದು ನಮ್ಮ ಲಾಭ!" ಎಂದು ಕುಣಿದ. ಅಪ್ಪ ಮಾತಾಡದೆ ಬಾವಿಗೆ ಹೋಗಿ ಇನ್ನೊಂದು ಕೊಡ ಸೇದಿ ತಂದು ಸುರಿದ. ನಾನು ಚೂರು ಚೂರೇ ಕೆತ್ತಿ ಬರಾಬರ್ ಮಾಡಿದೆ. ನನ್ನ ಪಾಲೀಸಿನ ಒಂದು ಮೂಲೆ ಹಾಳಾದದ್ದು ಇವತ್ತಿಗೂ ಕೆಟ್ಟ ಅನಿಸುತ್ತದೆ.

ಆ ದಿನ ಬಂತು. ಗುಡಿಯ ಮುಂದೆ ಚಪ್ಪರ, ಧ್ವನಿವರ್ಧಕ, ಮೇಜಿನ ಮೇಲೆ ಬಿಳಿ ಬಟ್ಟೆ. ಒಂದು ಕಡೆ ಕೊಂಬಿಗೆ ಹೂ ಕಟ್ಟಿಸಿಕೊಂಡ ಸರ್ಕಾರಿ ಎಮ್ಮೆ. ದೊಡ್ಡ ಸಾಹೇಬರು ಕಾರ್ಯಕ್ರಮದ ಚೀಟಿ ಹಿಡಿದು ಕೇಳಿದರು, "ಹಾರ, ಭಾಷಣ, ಎಮ್ಮೆ ವಿತರಣೆ ಇದೆ. ನಡುವೆ ಪೆನ್ಸಿಲಿನಲ್ಲಿ ಕಲ್ಲು ಅಂತ ಬರೆದಿದ್ದೀರಲ್ಲ, ಅಡಿಗಲ್ಲು ಸಮಾರಂಭವೇ?"

ತಹಸೀಲ್ದಾರರು ಅವರ ಕಿವಿಯಲ್ಲಿ ಬಹಳ ಹೊತ್ತು ಹೇಳಿದರು. ದೊಡ್ಡ ಸಾಹೇಬರು ಚಹಾದ ಕಪ್ಪು ಹಿಡಿದು, ಆಯಿತು ಎಂದೂ ಅನ್ನದೆ ಇಲ್ಲ ಎಂದೂ ಅನ್ನದೆ ಆಕಾಶ ನೋಡಿದರು.

ಗೌಡರು ಬಂದದ್ದು ಕುತ್ತಿಗೆಗೆ ಅರಿಶಿನದ ಪಟ್ಟಿ ಸುತ್ತಿಕೊಂಡು. "ರಾತ್ರಿ ಉಳುಕ್ಯದರಿ. ತಿರಗಸಾಕೂ ಬರವಲ್ದು," ಎಂದು ಎಲ್ಲರಿಗೂ ಕುತ್ತಿಗೆ ತಿರುಗಿಸಿ ತಿರುಗಿಸಿ ಹೇಳಿದರು.

ಅಪ್ಪ ನೆಲದ ಮೇಲೆ ಕೂತಿದ್ದ. ಹೆಬ್ಬೆಟ್ಟಿಗೆ ಮಸಿ ಹಚ್ಚಲು ತಲಾಟಿ ಡಬ್ಬಿ ಮುಂದೆ ಹಿಡಿದರೆ ಕೈಯನ್ನು ಬಗಲಿಗೆ ಸೇರಿಸಿಕೊಂಡ. ಇವತ್ತು ಸಂಜೆ ಅವನು ಕೊಟ್ಟಿಗೆಗೇ ಹೋಗುತ್ತಾನೆ ಅಂದುಕೊಂಡೆ.

ಆಗ ಗೌಡರ ಮನೆಯ ಬಾಗಿಲಿಂದ ಅವರ ತಾಯಿ ಕೋಲೂರಿಕೊಂಡು ಬಂದರು. ಎಂಬತ್ತು ದಾಟಿದ ಜೀವ. ಮಂದಿ ದಾರಿ ಬಿಟ್ಟರು. ಅವರು ನೇರ ಕಲ್ಲಿನ ಹತ್ತಿರ ಹೋಗಿ ನಿಂತರು.

"ಎತ್ತಿ ಇಡ್ರೋ ನನ್ನ ತೆಲಿ ಮ್ಯಾಲ."

"ಅವ್ವಾ, ನೀ ಯಾಕ?" ಎಂದರು ಗೌಡರು.

"ಇವ ಹಿಂಡಿದ ಹಾಲು ಕುಡದೇ ನನ್ನ ಹಲ್ಲು ಬಿದ್ದವು. ಹಲ್ಲು ಬಿದ್ದ ಮ್ಯಾಲೂ ಕುಡಿಯಾಕತ್ತೀನಿ. ನೀ ಹೊರಲಾರದ ಗಂಡಸು ಆದಿ, ನಾನಾರ ಹೊರ್ತೀನಿ. ಎತ್ತರೋ!"

ಗೌಡರ ಕುತ್ತಿಗೆ ಅಲ್ಲೇ ವಾಸಿಯಾಯಿತು. ಅರಿಶಿನದ ಪಟ್ಟಿಯನ್ನೇ ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡು, "ಇಡ್ರಿ ನನಗ," ಎಂದರು. ನಾನೂ ಮಾವನೂ ಎತ್ತಿ ಇಟ್ಟೆವು. ಮೆಲ್ಲಗೇ ಇಟ್ಟೆ. ಸಿಟ್ಟು ಎಷ್ಟಿದ್ದರೂ ಕಲ್ಲನ್ನು ನಾನು ಎತ್ತಿ ಹಾಕುವವನಲ್ಲ.

ಈಗ ಎಲ್ಲರ ಕಣ್ಣೂ ತಹಸೀಲ್ದಾರರ ಮೇಲೆ. ಅವರು ದೊಡ್ಡ ಸಾಹೇಬರನ್ನು ನೋಡಿದರು. ಸಾಹೇಬರು ಇನ್ನೂ ಆಕಾಶದಲ್ಲೇ ಇದ್ದರು. ತಹಸೀಲ್ದಾರರು ಕನ್ನಡಕ ತೆಗೆದು ಜೇಬಿನಲ್ಲಿಟ್ಟು ಇಳಿದು ಬಂದರು. "ಹೊರೋದಕ್ಕೆ ನನಗೆ ಆದೇಶ ಇಲ್ಲ. ಕೈ ಹಚ್ಚೋದಕ್ಕೆ ಬೇಡ ಅಂತಲೂ ಇಲ್ಲ," ಎಂದು ಕಲ್ಲಿನ ಒಂದು ಅಂಚಿಗೆ ಕೈ ಕೊಟ್ಟರು. ಅವರು ಎತ್ತರದ ಆಳು, ಗೌಡರು ಗಿಡ್ಡ. ಆ ಕಡೆ ಎತ್ತಿದ ಕೂಡಲೇ ಇಡೀ ಕಲ್ಲು ಗೌಡರ ಕಡೆ ವಾಲಿತು.

"ಸರ್ಕಾರ ಕೈ ಹಚ್ಚಿದ ಮ್ಯಾಲೇ ವಜ್ಜಿ ಹೆಚ್ಚಾತಲ್ರೋ!" ಎಂದು ಗೌಡರು ನರಳಿದರು.

ಇನ್ನು ಉಳಿದದ್ದು ಅಪ್ಪನ ಒಂದು ಮಾತು. ಅಪ್ಪ ಎದ್ದ, ಮುಂದೆ ಹೋದ. ಗೌಡರ ತಲೆಯ ಮೇಲಿನ ಭಾರ ನೋಡಿದ್ದೇ ತಡ, ಎರಡೂ ಕೈ ಚಾಚಿ, "ಇಲ್ಲಿ ತರ್ರಿ ಧಣಿ, ನಿಮಗ್ಯಾಕ ತ್ರಾಸ," ಎಂದು ಕಲ್ಲನ್ನು ತೆಗೆದು ತನ್ನ ತಲೆಯ ಮೇಲೆ ಇಟ್ಟುಕೊಂಡುಬಿಟ್ಟ!

ಇಡೀ ಚಪ್ಪರ "ಅಯ್ಯಯ್ಯೋ" ಅಂತು. ತಾನು ಮಾಡಿದ್ದು ಅಪ್ಪನಿಗೂ ಗೊತ್ತಾಗಲಿಲ್ಲ. ಕಲ್ಲು ಹೊತ್ತುಕೊಂಡು, ಎಲ್ಲಿ ಇಡಲಿ ಎನ್ನುವ ಹಾಗೆ ಗೌಡರ ಮುಖ ನೋಡುತ್ತ ನಿಂತ. ನಲವತ್ತು ವರ್ಷದ ಚಾಳಿ, ತಲೆಯಲ್ಲಿ ಇರುವುದಿಲ್ಲ, ಕೈಯಲ್ಲಿರುತ್ತದೆ.

"ಮತ್ತ ಹೊರಸ್ರಿ," ಎಂದರು ಹಿರಿಯರು. ಮತ್ತೆ ಗೌಡರ ತಲೆಗೆ ಹೊರಿಸಿದೆವು. ಮತ್ತೆ ಅಪ್ಪ ಮುಂದೆ ಹೋದ, ಮತ್ತೆ ಅವನ ಕೈ ಮೇಲೆದ್ದಿತು. ಕಲ್ಲಿಗೆ ಗೇಣು ದೂರ ಇರುವಾಗ ಮಾವ ಹಿಂದಿನಿಂದ ಅವನ ಅಂಗಿ ಜಗ್ಗಿದ. ಮೂರನೇ ಸಲ ನಾನೇ ಅಪ್ಪನ ಎರಡೂ ಕೈ ಹಿಂದಕ್ಕೆ ಹಿಡಿದು ನಿಂತೆ. ಜೀತ ಬಿಡಿಸುವ ಸಮಾರಂಭದಲ್ಲಿ ಕೈಕಟ್ಟಿಸಿಕೊಂಡು ನಿಂತವನು ನಮ್ಮಪ್ಪ ಒಬ್ಬನೇ ಇರಬೇಕು.

"ಹೇಳೋ ಯಪ್ಪಾ, ಇಳಸು ಅನ್ನು."

ಅಪ್ಪನ ಬಾಯಿ ತೆರೆಯಿತು, ಮುಚ್ಚಿತು. ಗೌಡರಿಗೆ ಹುಕುಂ ಮಾಡುವ ಮಾತು ಅವನ ನಾಲಿಗೆಯ ಮೇಲೆ ಹುಟ್ಟಿಯೇ ಇರಲಿಲ್ಲ. ಗೌಡರ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

"ಹುಕುಂ ಮಾಡಲೇ!" ಎಂದು ಗೌಡರು ಗದರಿಸಿದರು. "ನಾ ಹೇಳಾಕತ್ತೀನಿ, ನನಗ ಹುಕುಂ ಮಾಡು!"

"ಆಗ್ಲಿರಿ ಧಣಿ," ಎಂದ ಅಪ್ಪ, ಸುಮ್ಮನೆ ನಿಂತ.

"ಗೌಡ್ರು ಹೇಳಿಸಿದ್ರ ಅದು ನಡ್ಯಾಂಗಿಲ್ಲ," ಎಂದರು ಹಿರಿಯರು. "ಅವನ ಮನಸಿನಿಂದ ಬರಬೇಕು. ಗೌಡ್ರ, ನೀವು ಸುಮ್ಕ ಹೊರ್ರಿ."

ಅಪ್ಪ ತಲೆ ಎತ್ತಿ ಗೌಡರ ಮುಖ ನೋಡತೊಡಗಿದ. ನಾನು ಹಿಡಿದ ಅವನ ಕೈ ಮೊದಲು ಬಿಗಿಯಾಗಿತ್ತು, ಮೆಲ್ಲಗೆ ಸಡಿಲಾಯಿತು. ಎಷ್ಟು ಹೊತ್ತು ನೋಡಿದನೋ. ಎಷ್ಟೋ ದಿನದ ಮೇಲೆ ನನಗೆ ಹೇಳಿದ, "ಎದುರಿಗಿ ನಿಂತು ನೋಡಿದ್ದೇ ಇದ್ದಿಲ್ಲ ನಾ. ಎಡಗಣ್ಣಿನ ಕೆಳಗ ಅವರಿಗಿ ಮಚ್ಚಿ ಅದ, ಗೊತ್ತೇನು?"

"ಇಳಸು," ಎಂದ ಅಪ್ಪ ಕೊನೆಗೆ, ಕರುವಿಗೆ ಹೇಳಿದಷ್ಟು ಮೆಲ್ಲಗೆ.

"ಹಿಂದಿನವರಿಗಿ ಕೇಳ್ಲಿಲ್ಲ!" ಎಂದು ಯಾರೋ ಕೂಗಿದರು.

ಅಪ್ಪ ಎದೆ ತುಂಬ ಉಸಿರು ಎಳೆದುಕೊಂಡ. "ಇಳಸೋ!"

ಗುಡಿಯ ಮೇಲಿನ ಪಾರಿವಾಳಗಳೆಲ್ಲ ಹಾರಿದವು. ಗೌಡರು ಕಲ್ಲು ಇಳಿಸಿದರು. ಪಕ್ಕದಲ್ಲಿ ನಿಂತಿದ್ದ ಪೊಲೀಸ್ ಪೇದೆ ಬಂದೂಕು ಇಳಿಸಿದ. ತಲಾಟಿ ಕಡತದ ಗಂಟು ಇಳಿಸಿದರು. ದೊಡ್ಡ ಸಾಹೇಬರು ಬೆಚ್ಚಿಬಿದ್ದು ಚಹಾದ ಕಪ್ಪನ್ನು ಇಳಿಸಿದರು. ಸರ್ಕಾರಿ ಎಮ್ಮೆ ಮಾತ್ರ ಯಾರ ಹುಕುಮನ್ನೂ ಕೇಳದೆ ಗೂಟ ಕಿತ್ತುಕೊಂಡು ಓಡಿತು. ಅದನ್ನು ಹಿಡಿಯಲು ಅರ್ಧ ಊರು ಓಡಿತು.

ಅಪ್ಪ ತಾನೇ ಮಸಿಯ ಡಬ್ಬಿ ಕೇಳಿ ತೆಗೆದುಕೊಂಡು ಹೆಬ್ಬೆಟ್ಟು ಒತ್ತಿದ. ಒಂದು ಕಡೆ ಒತ್ತೆಂದರೆ ಮೂರು ಕಡೆ ಒತ್ತಿದ. ಅಜ್ಜನದೊಂದು, ತನ್ನದೊಂದು, ಓಡಿಹೋದ ನನ್ನದೊಂದು ಅಂತ. ತಹಸೀಲ್ದಾರರು ಕನ್ನಡಕ ಹಾಕಿಕೊಂಡು ಕೈ ಮುಗಿದರು. ಅವರ ಅಂಗೈ ಕೆಂಪಗಾಗಿತ್ತು.

"ಸಾಹೇಬ್ರ," ಎಂದ ಅಪ್ಪ. "ತಪ್ಪಿಂದು ಮುಗೀತು. ಅದನ್ನ ಇನ್ನ ನಾ ಎತ್ತಾಂಗಿಲ್ಲ. ಹೊಲದ್ದು ಹ್ಯಾಂಗ್ರಿ?"

"ಯಾವ ಹೊಲ?"

"ನಲವತ್ತು ವರ್ಷ ನಾ ನೇಗಿಲು ಹೊಡದ ಹೊಲರಿ. ಅವರಿಗಿ ಅಷ್ಟು ಅದ, ನಂಗ ಎಮ್ಮಿ ಅದ. ಎಮ್ಮಿ ಎಲ್ಲಿ ಮೇಯ್ಸಲಿರಿ? ಅವರ ಬದುವಿನ ಮ್ಯಾಲೇ ಏನ್ರಿ?"

ತಹಸೀಲ್ದಾರರು ಬಾಯಿ ತೆರೆಯುವ ಮೊದಲೇ ದೊಡ್ಡ ಸಾಹೇಬರ ಜೀಪು ಚಾಲೂ ಆಯಿತು. ಅಷ್ಟು ಚುರುಕಾಗಿ ಚಾಲೂ ಆದ ಸರ್ಕಾರಿ ಜೀಪನ್ನು ನಾನು ಮುಂದೆಂದೂ ನೋಡಲಿಲ್ಲ. ಓಡಿ ಹತ್ತಿದ ತಹಸೀಲ್ದಾರರು ಧೂಳಿನಲ್ಲಿ, "ಅರ್ಜಿ ಕೊಡಿ, ನಾನು ಬರೀತೀನಿ," ಎಂದು ಕೂಗಿದ್ದು ಮಾತ್ರ ಕೇಳಿಸಿತು. ಅರ್ಜಿ ಕೊಟ್ಟೆವು. ಅವರು ಬರೆದೇ ಇರಬೇಕು. ಆ ಹುಡುಗನ ಮೇಲೆ ನನಗೆ ಅನುಮಾನವಿಲ್ಲ. ಆದರೆ ಹೊಲ ಗೌಡರ ಮೊಮ್ಮಕ್ಕಳ ಹೆಸರಿನಲ್ಲೇ ಇದೆ. ನನ್ನ ಮಕ್ಕಳು ಸಿಮೆಂಟ್ ಕಾರ್ಖಾನೆಯ ಗೇಟಿನಲ್ಲಿ ಕೂಲಿಗೆ ನಿಂತ ದಿನಗಳಲ್ಲಿ, ಅದೇ ಮೊಮ್ಮಕ್ಕಳು ಆ ಹೊಲದ ಉತ್ಪನ್ನದಲ್ಲಿ ಕಾಲೇಜು ಓದಿದರು. ಕಲ್ಲು ಇಳಿಯಿತು, ಭಾರ ಪೂರ್ತಿ ಇಳಿಯಲಿಲ್ಲ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ. ತೂಕ ಸರಿ ಹೇಳಬೇಕಲ್ಲ ಎಂದು ಬರೆಯುತ್ತಿದ್ದೇನೆ.

ಅಪ್ಪ ಮತ್ತೆ ಕೊಟ್ಟಿಗೆಯೊಳಗೆ ಕಾಲಿಡಲಿಲ್ಲ. ಅವನ ಕಂಬಳಿಯನ್ನು ಗೌಡರ ತಾಯಿಯೇ ತಂದು ಕೊಟ್ಟರು. ಹಿಡಿದು ತಂದ ಎಮ್ಮೆಯನ್ನು ಊರಿನಲ್ಲೇ ಮಾವನ ಮನೆಯಲ್ಲಿ ಕಟ್ಟಿಸಿ ನಾವಿಬ್ಬರೂ ವಾಡಿಯ ದಾರಿ ಹಿಡಿದೆವು.

ಆಮೇಲೆ ಶುರುವಾಯಿತು ನೋಡಿ. ಒಮ್ಮೆ ಹುಕುಂ ಮಾಡಿದ ಬಾಯಿ ಮುಚ್ಚಲಿಲ್ಲ. ವಾಡಿ ಸ್ಟೇಷನ್ನಿನಲ್ಲಿ ಅಪ್ಪ ಹಮಾಲರಿಗೆ "ಸರೀರೋ" ಅಂದ. ರೈಲಿಗೆ "ನಿಂದ್ರು" ಅಂದ. ಅದು ನಿಂತಿತು. ನಿಲ್ಲುವುದೇ ಅದರ ಕೆಲಸವಾಗಿತ್ತು, ಆದರೆ ಅಪ್ಪ ಅದನ್ನು ತನ್ನ ಲೆಕ್ಕಕ್ಕೇ ಹಿಡಿದ. ಶಹಾಬಾದಿನ ಮನೆ ಮುಟ್ಟಿ ಹೊರಸಿನ ಮೇಲೆ ಕೂತವನು ಎಂಟು ದಿನ ಇಳಿಯಲಿಲ್ಲ. "ನೀರು ತಾ." "ಆ ಬಾಗಲ ಮುಚ್ಚು." "ಬ್ಯಾಡ, ತೆರಿ." "ಆ ಮೂಲಿ ಗುಡಸಿಲ್ಲ ನೋಡು." ಖಣಿಯಲ್ಲಿ ಮೇಸ್ತ್ರಿಯ ಮಾತನ್ನೂ 'ನೋಡೋಣ' ಅನ್ನುತ್ತಿದ್ದ ನಾನು, ಮನೆಗೆ ಬಂದರೆ ಪೊರಕೆ ಹಿಡಿದು ಆ ಮೂಲೆಗೆ ಓಡುತ್ತಿದ್ದೆ.

ಒಂಬತ್ತನೇ ದಿನ ಹೆಂಡತಿ ಒಲೆಯ ಮುಂದೆ ಕೂತು, ಅಪ್ಪನಿಗೆ ಕೇಳದ ಹಾಗೆ ಮೆಲ್ಲಗೆ ಅಂದಳು:

"ಏನ್ರಿ, ನಿಮ್ಮ ಅಪ್ಪಾರಿಗಿ ಬಿಡುಗಡಿ ಆತು. ನಮಗ ಯಾವಾಗ್ರಿ?"

"ಸುಮ್ಕಿರು," ಎಂದೆ. "ನಲವತ್ತು ವರ್ಷದಾಗ ಇನ್ನೂ ಎಂಟೇ ದಿನ ತೀರ್ಯಾವ."

ಹೊರಗಿನಿಂದ ಅಪ್ಪ ಕೂಗಿದ, "ಏನದು ಗುಸುಗುಸು? ಚಹಾ ತರ್ರಿ!"

ಇಬ್ಬರೂ ಎದ್ದೆವು.